ಷೇರಿನ ಹೆಸರು ಕೊನೆಗೆ ಬಂತು: ನಾನು ಟ್ರೇಡಿಂಗ್ ಪ್ಲಾನ್ ಬರೆದ ಬಗೆ

ಟ್ರೇಡಿಂಗ್ ಪ್ಲಾನ್ ಅಂದ ಕೂಡಲೇ ಯಾವ ಷೇರು, ಯಾವ ಇಂಡಿಕೇಟರ್ (ಬೆಲೆಯ ಏರಿಳಿತದಿಂದ ಲೆಕ್ಕ ಹಾಕುವ ಸೂಚಕ) ಅಂತ ಮಾತು ಶುರುವಾಗುತ್ತದೆ. ನಾನು ಹಿಂದಿನಿಂದ ಬರೆದೆ. ಒಂದು ಟ್ರೇಡ್‌ನಲ್ಲಿ ಎಷ್ಟರವರೆಗೆ ಹೋದರೆ ನನ್ನ ನಿದ್ದೆ ಕೆಡುವುದಿಲ್ಲ ಅನ್ನುವುದೇ ನನ್ನ ಮೊದಲ ಸಾಲು.

ಯಾಕೆ ಅಂದರೆ, ನಷ್ಟದ ಲೆಕ್ಕ ನೆಟ್ಟಗಿಲ್ಲ. ಬಂಡವಾಳದಲ್ಲಿ ಶೇ. 20 ಹೋದರೆ ಮೊದಲಿನ ಮಟ್ಟಕ್ಕೆ ಬರಲು ಶೇ. 25 ಲಾಭ ಬೇಕು. ಅರ್ಧ ಹೋದರೆ ಉಳಿದದ್ದು ದುಪ್ಪಟ್ಟಾಗಬೇಕು. ಪ್ರತಿ ಟ್ರೇಡ್‌ಗೆ ಶೇ. 5 ಪಣಕ್ಕಿಟ್ಟು ಸತತ ಹತ್ತು ಸಲ ಸೋತರೆ ಸುಮಾರು ಶೇ. 40 ಖಾಲಿ. ಶೇ. 1 ಇಟ್ಟಿದ್ದರೆ ಹೋಗುವುದು ಶೇ. 10ಕ್ಕಿಂತ ಕಡಿಮೆ. ನಾನು 1 ಅಂತ ಬರೆದುಕೊಂಡೆ.

ಇನ್ನು ಎಷ್ಟು ಷೇರು ಕೊಳ್ಳಬೇಕು? ಪ್ಲಾನ್‌ನ ಜೀವ ಇರುವುದು ಇಲ್ಲೇ. ಬಂಡವಾಳ 1,00,000 ಅಂದುಕೊಳ್ಳಿ. ಶೇ. 1 ಅಂದರೆ 1,000. ಷೇರಿನ ಬೆಲೆ 500 ಇದೆ, ನನ್ನ ಸ್ಟಾಪ್ ಲಾಸ್, ಅಂದರೆ ಅಷ್ಟಕ್ಕೆ ಇಳಿದರೆ ಮಾರಿ ಹೊರಬರುವ ಬೆಲೆ, 480. ಒಂದು ಷೇರಿಗೆ 20 ನಷ್ಟ, ಹಾಗಾಗಿ 50 ಷೇರು. ಸ್ಟಾಪ್ 460ಕ್ಕೆ ಇಡಬೇಕಾದರೆ 25 ಷೇರು ಅಷ್ಟೇ. ತುಂಬಾ ಏರಿಳಿಯುವ ಷೇರಿಗೆ ಸ್ಟಾಪ್ ದೂರ ಬೇಕು, ಆಗ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಮೊದಲು 100 ಷೇರು ಅಂತ ನಿರ್ಧರಿಸಿ, ಆಮೇಲೆ ಅದಕ್ಕೆ ಹೊಂದುವ ಹಾಗೆ ಸ್ಟಾಪ್ ಹತ್ತಿರ ಎಳೆಯುವವರನ್ನು ನೋಡಿದ್ದೇನೆ. ಚಾರ್ಟ್‌ಗೆ ನಮ್ಮ ಜೇಬು ಗೊತ್ತಿರುವುದಿಲ್ಲ, ಅಲ್ವಾ?

ಸ್ಟಾಪ್ ಇಟ್ಟರೂ ಅದೇ ಬೆಲೆಗೆ ಮಾರಾಟ ಆಗುತ್ತದೆ ಅಂತ ಖಾತ್ರಿ ಇಲ್ಲ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ ಷೇರು 450ಕ್ಕೇ ತೆರೆದರೆ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಮಾರು ಅನ್ನುವ ಆದೇಶ) ಅಲ್ಲೇ ಸುತ್ತಮುತ್ತ ಮಾರುತ್ತದೆ. ಲಿಮಿಟ್, ಅಂದರೆ ಇದಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ಬೆಲೆ ಹಾಕಿದ್ದರೆ ಮಾರಾಟವೇ ಆಗದೆ ಉಳಿಯಬಹುದು. ಅದಕ್ಕೇ ಕಂಪನಿಯ ಫಲಿತಾಂಶದ ಹಿಂದಿನ ದಿನ ಪೂರ್ತಿ ಸಂಖ್ಯೆ ಹಿಡಿದುಕೊಂಡಿರಬಾರದು ಅಂತ ಸೇರಿಸಿದೆ. ಇನ್ನೊಂದು ಸಾಲು: ಒಂದೇ ವಲಯದ ಷೇರುಗಳಿಗೆಲ್ಲ ಸೇರಿ ಪಣಕ್ಕಿಡುವುದಕ್ಕೆ ಬಂಡವಾಳದ ಶೇ. 2ರ ಮಿತಿ. ಐದು ಬ್ಯಾಂಕ್ ಷೇರು ಇದ್ದರೆ ಐದು ಟ್ರೇಡ್ ಅಂತ ಅನ್ನಿಸುತ್ತದೆ, ಬಡ್ಡಿ ದರದ ಸುದ್ದಿ ಬಂದ ದಿನ ಐದೂ ಒಟ್ಟಿಗೆ ಬೀಳಬಹುದು.

ಖರೀದಿಯ ನಿಯಮಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಷೇರಿನ ಬೆಲೆ ಕಳೆದ 200 ದಿನದ ಸರಾಸರಿ ಬೆಲೆಗಿಂತ ಮೇಲಿರಬೇಕು, ಇತ್ತೀಚಿನ ಗರಿಷ್ಠ ಬೆಲೆಯನ್ನು ದಾಟಬೇಕು, ಲಾಭದ ಗುರಿ ಪಣಕ್ಕಿಟ್ಟ ನಷ್ಟದ ಎರಡು ಪಟ್ಟಾದರೂ ಇರಬೇಕು. ಇದರಲ್ಲಿ ಗುಟ್ಟೇನೂ ಇಲ್ಲ. ಎರಡು ಪಟ್ಟು ಸಿಗುವುದಾದರೆ ಹತ್ತರಲ್ಲಿ ನಾಲ್ಕು ಗೆದ್ದರೂ ನಡೆಯುತ್ತದೆ. ಪ್ರತಿ ಟ್ರೇಡ್‌ಗೆ 1,000 ಪಣಕ್ಕಿಟ್ಟರೆ 8,000 ಬಂತು, 6,000 ಹೋಯಿತು. ಉಳಿದ 2,000ದಲ್ಲಿ ಬ್ರೋಕರೇಜ್, ತೆರಿಗೆ ಎಲ್ಲ ಕಳೆಯಬೇಕು. ಜಾಸ್ತಿ ಟ್ರೇಡ್ ಮಾಡಿದಷ್ಟೂ ಖರ್ಚು ಜಾಸ್ತಿ. ಹಾಗಾಗಿ ಒಂದೇ ದಿನದೊಳಗೆ ಕೊಂಡು ಮಾರುವ ವಹಿವಾಟು ನನ್ನ ಪ್ಲಾನ್‌ನಲ್ಲಿ ಇಲ್ಲವೇ ಇಲ್ಲ.

ದೀರ್ಘಕಾಲದ ಹೂಡಿಕೆಗೆ ಬೇರೆ ಖಾತೆಯನ್ನೇ ಇಟ್ಟಿದ್ದೇನೆ. ಅಲ್ಲಿ ತಿಂಗಳಿಗೊಮ್ಮೆ ಇಂಡೆಕ್ಸ್ ಫಂಡ್ (ಒಂದು ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡ್) ಕೊಳ್ಳುತ್ತೇನೆ, ಸ್ಟಾಪ್ ಲಾಸ್ ಇಲ್ಲ. ಎರಡೂ ಒಂದೇ ಕಡೆ ಇದ್ದರೆ, ಬಿದ್ದ ಟ್ರೇಡ್‌ಗೆ "ಇರಲಿ ಬಿಡು, ಲಾಂಗ್ ಟರ್ಮ್" ಅಂತ ಹೊಸ ಹೆಸರು ಇಡುವುದು ಬಹಳ ಸುಲಭ.

ಪ್ರತಿ ಟ್ರೇಡ್‌ಗೂ ನೋಟ್‌ಬುಕ್‌ನಲ್ಲಿ ಒಂದು ಸಾಲು: ಕೊಂಡ ಬೆಲೆ, ಸ್ಟಾಪ್, ಕಾರಣ, ಪ್ಲಾನ್ ಪ್ರಕಾರವೇ ಹೊರಬಂದೆನಾ ಇಲ್ಲವಾ. ಲಾಭ ನಷ್ಟದ ಕಾಲಂಗಿಂತ ಈ ಕೊನೆಯ ಕಾಲಂ ನನಗೆ ಜಾಸ್ತಿ ಹೇಳುತ್ತದೆ. ನಿಯಮ ಬದಲಿಸಬೇಕು ಅನ್ನಿಸಿದರೆ ಮಾರುಕಟ್ಟೆ ಮುಚ್ಚಿರುವಾಗ ಮಾತ್ರ ಬರೆಯುತ್ತೇನೆ. ಆಗಲೇ ತೆರೆದಿರುವ ಟ್ರೇಡ್‌ಗಳಿಗೆ ಹಳೆಯ ನಿಯಮವೇ, ಹೊಸದು ಮುಂದಿನ ಖರೀದಿಯಿಂದ.