ಚಳಿಗಾಲದಲ್ಲಿ ಸೈಕಲ್ ಸವಾರರ ದಮ್ಮು ಉಳಿಸಿಕೊಳ್ಳುವುದು ಹೇಗೆ?

ಬೆಳಕು ಬೇಗ ಮುಗಿಯುತ್ತದೆ, ರಸ್ತೆ ಒದ್ದೆ, ಮೈ ಹಾಸಿಗೆ ಬಿಡಲೊಲ್ಲದು. ಚಳಿಗಾಲದಲ್ಲಿ ಸವಾರಿಯ ಗಂಟೆಗಳು ಕಡಿಮೆಯಾದರೆ ಅಂಥ ನಷ್ಟವೇನಿಲ್ಲ. ಅವುಗಳ ಜೊತೆಗೆ ಏದುಸಿರು ಬರಿಸುವ ತುಳಿತವನ್ನೂ ಬಿಟ್ಟಾಗಲೇ ಪೆಟ್ಟು. ಪೂರ್ತಿ ನಿಲ್ಲಿಸಿದರೆ ಎರಡು–ಮೂರು ವಾರದಲ್ಲೇ ರಕ್ತದ ಪ್ರಮಾಣ ತುಸು ಕುಗ್ಗಿ, ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ. ದಮ್ಮು ಇಳಿಯುವುದು ಹಾಗೆ. ವಾರಕ್ಕೆರಡು ಸಲ ಗಟ್ಟಿಯಾಗಿ ತುಳಿಯುತ್ತಿದ್ದರೆ, ಒಟ್ಟು ಸಮಯ ಅರ್ಧಕ್ಕಿಳಿದರೂ ಅದರ ಬಹುಪಾಲು ಉಳಿಯುತ್ತದೆ. ಚಳಿಗಾಲವಿಡೀ ನಿಧಾನವಾಗಿ ದೂರ ಹೋಗಬೇಕೆಂಬ ಹಳೆಯ ಸಲಹೆ ವಾರಕ್ಕೆ 15–20 ಗಂಟೆ ಸಿಗುವವರಿಗೆ ಸರಿ. ನಾಲ್ಕೈದು ಗಂಟೆಯಷ್ಟೇ ಸಿಗುವವರು ಅದನ್ನು ನಂಬಿ ಕೂತರೆ ದೂರವೂ ಇಲ್ಲ, ವೇಗವೂ ಇಲ್ಲ.

ಆ ಎರಡು ದಿನಕ್ಕೆ ಮನೆಯೊಳಗಿನ ಟ್ರೈನರ್, ಅಂದರೆ ಸೈಕಲನ್ನು ಕಟ್ಟಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್, ಒಳ್ಳೆಯದು. ಇಳಿಜಾರಿಲ್ಲ, ಸಿಗ್ನಲ್ ಇಲ್ಲ, ಹಾಗಾಗಿ ಮುಕ್ಕಾಲು ಗಂಟೆ ಸಾಕು. ಮೊದಲ ದಿನ 10 ನಿಮಿಷ ಹಗುರವಾಗಿ ತುಳಿದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ 4 ನಿಮಿಷ ಗಟ್ಟಿ, 3 ನಿಮಿಷ ಹಗುರ, ಹೀಗೆ ನಾಲ್ಕು ಸಲ. ಗಟ್ಟಿ ಎಂದರೆ ಒಂದೆರಡು ಪದಕ್ಕಿಂತ ಹೆಚ್ಚು ಮಾತಾಡಲಾಗಬಾರದು. ಕೊನೆಗೆ 8 ನಿಮಿಷ ಸುಮ್ಮನೆ ಕಾಲಾಡಿಸಿ. ಬಹುತೇಕರು ಎಡವುವುದು ಮೊದಲ ಸುತ್ತಿನಲ್ಲೇ: ಉತ್ಸಾಹದಲ್ಲಿ ಎಲ್ಲ ಸುರಿದು, ಮೂರನೆಯದರಲ್ಲಿ ಕಾಲು ಸೋಲುತ್ತದೆ. ಮೊದಲನೆಯದು ‘ಇಷ್ಟೇನಾ’ ಅನ್ನಿಸಿದರೆ ಲೆಕ್ಕ ಸರಿಯಿದೆ. ಎರಡು ದಿನ ಬಿಟ್ಟು ಇನ್ನೊಂದು ಪಾಠ: 15 ನಿಮಿಷದ ಎರಡು ಸುತ್ತು, ನಡುವೆ 5 ನಿಮಿಷ ಬಿಡುವು. ಚಿಕ್ಕ ವಾಕ್ಯ ಆಡಲಾಗುವಷ್ಟು, ಹರಟೆ ಹೊಡೆಯಲಾಗದಷ್ಟು ಬಿರುಸಿರಲಿ.

ಫ್ಯಾನ್ ಇಲ್ಲದೆ ಟ್ರೈನರ್ ಹತ್ತಬೇಡಿ. ಹೊರಗೆ ಮೈ ತಣಿಸುವ ಗಾಳಿ ಕೋಣೆಯೊಳಗಿಲ್ಲ. ಅಷ್ಟೇ ಬಲಕ್ಕೆ ಹೃದಯ ಬಡಿತ ಏರುತ್ತ ಹೋಗುತ್ತದೆ, ದಮ್ಮು ಹೋಯಿತೆಂದು ನೀವು ಸುಮ್ಮನೆ ಗಾಬರಿಯಾಗುತ್ತೀರಿ. ದೊಡ್ಡ ಫ್ಯಾನನ್ನು ಎದೆಗೆ ನೇರವಾಗಿಡಿ. ಹ್ಯಾಂಡಲ್ ಮೇಲೊಂದು ಟವೆಲ್ ಹಾಸಿ: ಬೆವರಿನ ಉಪ್ಪು ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು) ಬೇರಿಂಗನ್ನೂ ಬೋಲ್ಟುಗಳನ್ನೂ ತಿನ್ನುತ್ತದೆ, ಹ್ಯಾಂಡಲ್ ಟೇಪಿನಡಿ ನಡೆಯುವ ಹಾಳಂತೂ ಕಣ್ಣಿಗೆ ಬೀಳುವುದೂ ಇಲ್ಲ. ಕಟ್ಟಿಹಾಕಿದ ಸೈಕಲ್ ಪಕ್ಕಕ್ಕೆ ತೂಗದ ಕಾರಣ ಸೀಟಿನ ಒತ್ತಡ ಒಂದೇ ಜಾಗಕ್ಕೆ ಬೀಳುತ್ತದೆ; 10 ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿಯಿರಿ. ಹಿಂದಿನ ಟೈರನ್ನು ರೋಲರಿಗೆ ಒತ್ತುವ ಬಗೆಯ ಟ್ರೈನರಾದರೆ ಪ್ರತಿ ಸಲವೂ ಗಾಳಿ ಅಷ್ಟೇ ಹೊಡೆದು, ತಿರುಪನ್ನು ಅಷ್ಟೇ ಸುತ್ತು ಬಿಗಿಮಾಡಿ. ಇಲ್ಲದಿದ್ದರೆ ನಿನ್ನೆಯ ಅಂಕಿಗೂ ಇಂದಿನದಕ್ಕೂ ತಾಳೆಯಾಗದು.

ರಜೆಯ ದಿನ ಹೊರಗೆ ಹೋಗಿ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಎದುರಾದರೆ ಚರ್ಮಕ್ಕದು ಸೊನ್ನೆ ಡಿಗ್ರಿಯಂತೆ. ಹಾಗಂತ ಮೂಟೆಯಂತೆ ಹೊದ್ದುಕೊಳ್ಳಬೇಡಿ. ಮೈಗಂಟುವ ತೆಳು ಒಳಅಂಗಿ, ಅದರ ಮೇಲೊಂದು ಜೆರ್ಸಿ, ಗಾಳಿ ತಡೆಯುವ ಜಾಕೆಟ್, ಇಷ್ಟೇ. ಹೊರಟ ಮೊದಲ 10 ನಿಮಿಷ ತುಸು ನಡುಗಿದರೆ ಸರಿಯಾಗಿ ತೊಟ್ಟಿದ್ದೀರಿ; ಹೊಸ್ತಿಲಲ್ಲೇ ಬೆಚ್ಚಗಿದ್ದರೆ ಬೆವರಿ, ವಾಪಸಾಗುವಾಗ ಒದ್ದೆ ಬಟ್ಟೆಯಲ್ಲಿ ಮರಗಟ್ಟುತ್ತೀರಿ. ಒಳಅಂಗಿ ಹತ್ತಿಯದಾಗದಿರಲಿ, ಹೀರಿದ ಬೆವರನ್ನು ಅದು ಬಿಡುವುದೇ ಇಲ್ಲ. ಶೂ ಬಿಗಿಯಾಗಿದ್ದರೆ ಎರಡು ಜೊತೆ ಸಾಕ್ಸ್ ಹಾಕಬೇಡಿ: ರಕ್ತದೋಟ ತಡೆದು ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಮೊದಲು ಎದುರುಗಾಳಿಗೆ ಹೊರಡಿ, ಬೆವರಿ ದಣಿದ ಮೇಲೆ ಗಾಳಿ ಬೆನ್ನಿಗಿರಲಿ. ಬಾಯಾರದಿದ್ದರೂ ಗಂಟೆಗೆ ಅರ್ಧ ಲೀಟರಿನಷ್ಟು ನೀರು ಗುಟುಕರಿಸುತ್ತಿರಿ. ಹಿಮ ಬೀಳುವ ಕಡೆ ಸೇತುವೆಗಳೂ ನೆರಳಿನ ತಿರುವುಗಳೂ ಮೊದಲು ಹೆಪ್ಪುಗಟ್ಟುತ್ತವೆ. ಅಲ್ಲಿ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ. ರಸ್ತೆಗೆ ಉಪ್ಪು ಸುರಿದಿದ್ದರೆ ಮನೆಗೆ ಬಂದೊಡನೆ ಚೈನ್ ತೊಳೆದು ಒರೆಸಿ, ಎಣ್ಣೆ ಬಿಡಿ. ನಾಳೆಗೆಂದು ಬಿಟ್ಟರೆ ತುಕ್ಕು ಕಾಯುವುದಿಲ್ಲ.

ಬೇಸಿಗೆಯಲ್ಲಿ ಸಮಯ ಸಿಗದ ಭಾರದ ಕಸರತ್ತಿಗೆ ಇದೇ ಕಾಲ. ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಒಂದೊಂದೇ ಕಾಲಿನ ಸ್ಕ್ವಾಟ್, ವಾರಕ್ಕೆರಡು ಸಲ. ಮೊದಲ ಮೂರು ವಾರ ಹಗುರ ತೂಕದಲ್ಲಿ 10ರಂತೆ ಮೂರು ಸುತ್ತು. ಬೆನ್ನು ಬಾಗದೆ ಮಾಡುವುದು ರೂಢಿಯಾದ ಮೇಲೆ ತೂಕ ಏರಿಸಿ, ಸುತ್ತಿಗೆ 5–6 ಸಲಕ್ಕೆ ಇಳಿಸಿ. ಇದನ್ನು ಗಟ್ಟಿ ಸವಾರಿಯ ಹಿಂದಿನ ದಿನ ಇಟ್ಟುಕೊಳ್ಳಬೇಡಿ, ಹಿಡಿದುಕೊಂಡ ತೊಡೆಯಲ್ಲಿ ಆ ಸವಾರಿ ಕೆಡುತ್ತದೆ. ಗಟ್ಟಿ ಸವಾರಿಯ ದಿನವೇ, ಸಂಜೆಗೆ ಮುಗಿಸಿದರೆ ಮರುದಿನ ಪೂರ್ತಿ ವಿಶ್ರಾಂತಿಗೆ ಸಿಗುತ್ತದೆ.

ಬರೀ ಮೂಗು ಸೋರುತ್ತಿದ್ದರೆ ಅರ್ಧ ಗಂಟೆ ಹಗುರವಾಗಿ ತುಳಿಯಬಹುದು. ಜ್ವರ, ಎದೆ ಕೆಮ್ಮು, ಮೈಕೈ ನೋವು ಇದ್ದರೆ ಸೈಕಲ್ ಮುಟ್ಟಬೇಡಿ. ವಾಸಿಯಾದ ಮೇಲೂ ತಪ್ಪಿದ ಪಾಠಗಳನ್ನು ಒಂದೇ ವಾರಕ್ಕೆ ತುರುಕದೆ, ಇರುವ ವಾರದಿಂದಲೇ ಮುಂದುವರಿಸಿ.