ರಸ್ತೆಯ ಕ್ರಮದಲ್ಲೇ ಚಾನೆಲ್: ದೂರ ಪ್ರಯಾಣಕ್ಕೆ ನನ್ನ ಹ್ಯಾಂಡಿ ಸಿದ್ಧ ಮಾಡಿದ ಬಗೆ

ಮೊದಲ ಸಲ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಹ್ಯಾಮ್ ರೇಡಿಯೋ ಸೆಟ್ಟು) ಹಿಡಿದು ದೂರದ ಪ್ರಯಾಣಕ್ಕೆ ಹೊರಟಾಗ ಅದರಲ್ಲಿ 110 ಚಾನೆಲ್ ತುಂಬಿದ್ದೆ. ಎಲ್ಲ ಅಕ್ಷರದ ಕ್ರಮದಲ್ಲಿ. ಮನೆಯಲ್ಲಿ ಕೂತು ನೋಡಿದರೆ ತುಂಬ ಅಚ್ಚುಕಟ್ಟು. ಕಾರು ಹೊರಟ ಮೇಲೆ ಬೇಕಾದದ್ದು ಒಂದೂ ಸಿಗಲಿಲ್ಲ. ಎದುರಿಗೆ ಕಾಣುವ ಬೆಟ್ಟದ ರಿಪೀಟರ್ (ನಮ್ಮ ಮಾತು ಹಿಡಿದು ಮತ್ತೆ ದೂರಕ್ಕೆ ಪ್ರಸಾರ ಮಾಡುವ ಕೇಂದ್ರ) 73ನೇ ಜಾಗದಲ್ಲಿ, ಅದರ ಪಕ್ಕದ ಊರಿನದು 12ರಲ್ಲಿ. ಹುಡುಕಿ ಮುಗಿಸುವಷ್ಟರಲ್ಲಿ ಬೆಟ್ಟ ಹಿಂದೆ ಉಳಿದಿರುತ್ತಿತ್ತು.

ಈ ಸಲ ನಾಲ್ಕು ದಿನದ ಪ್ರಯಾಣ. ಎರಡು ಕಾರು, ಎರಡರಲ್ಲೂ ಲೈಸೆನ್ಸ್ ಇರುವ ಒಬ್ಬೊಬ್ಬ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು. ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದೆ: ಚಾನೆಲ್‌ಗಳು ರಸ್ತೆಯ ಕ್ರಮದಲ್ಲೇ ಇರಬೇಕು. ಮೇಲಿನ ಬಟನ್ ಒತ್ತಿದರೆ ಮುಂದೆ ಬರುವ ರಿಪೀಟರ್. ಕೆಳಗಿನದು ಒತ್ತಿದರೆ ಈಗಷ್ಟೇ ದಾಟಿ ಬಂದದ್ದು. ವಾಪಸ್ ಬರುವಾಗ ಅದೇ ಉಲ್ಟಾ. ಅಷ್ಟು ಇದ್ದರೆ ಪರದೆ ನೋಡುವ ಅಗತ್ಯವೇ ಕಮ್ಮಿ.

ಮೊದಲು ನಕ್ಷೆ ತೆಗೆದು ಕೂತೆ. ರಸ್ತೆಯ ಎರಡೂ ಕಡೆ ಸಿಗುವ ರಿಪೀಟರ್‌ಗಳಿಗೆ ಗುರುತು ಹಾಕಿದೆ. ಎಷ್ಟು ದೂರದವರೆಗೆ ಹಾಕಬೇಕು ಅನ್ನುವುದೇ ಪ್ರಶ್ನೆ. ಎರಡು ಮೀಟರ್ ಬ್ಯಾಂಡಿನ (ಸುಮಾರು 145 ಮೆಗಾಹರ್ಟ್ಜ್) ಅಲೆಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ನೇರದಲ್ಲೇ ಹೋಗುತ್ತವೆ. ಹಾಗಾಗಿ ಎತ್ತರವೇ ಮುಖ್ಯ. ಇದಕ್ಕೊಂದು ಸುಲಭದ ಲೆಕ್ಕ ಇದೆ. ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಬರುವ ಉತ್ತರವೇ ಕಿಲೋಮೀಟರ್‌ನಲ್ಲಿ ದೂರ. ಕೈಯಲ್ಲಿ ಒಂದೂವರೆ ಮೀಟರ್ ಎತ್ತರಕ್ಕೆ ಹಿಡಿದ ಸೆಟ್ಟಿಗೆ ಬರೀ 5 ಕಿ.ಮೀ. ಸುತ್ತಲಿನ ಬಯಲಿಗಿಂತ 900 ಮೀಟರ್ ಮೇಲಿರುವ ರಿಪೀಟರಿಗೆ 120 ಕಿ.ಮೀ. ದಾಟುತ್ತದೆ. ನಡುವೆ ಇನ್ನೊಂದು ಗುಡ್ಡ ಅಡ್ಡ ಬಂದರೆ ಲೆಕ್ಕ ಕೆಡುತ್ತದೆ, ಅದು ಬೇರೆ ಮಾತು. ಈ ಲೆಕ್ಕ ಇಟ್ಟುಕೊಂಡು, ಹತ್ತಿರವೇ ಇದ್ದರೂ ತಗ್ಗಿನಲ್ಲಿದ್ದ ಕೆಲವು ರಿಪೀಟರ್‌ಗಳನ್ನು ಬಿಟ್ಟೆ. 90 ಕಿ.ಮೀ. ದೂರದ ಎತ್ತರದ ಬೆಟ್ಟದ್ದನ್ನು ಇಟ್ಟುಕೊಂಡೆ. ಕೊನೆಗೆ 34 ಉಳಿದವು.

ಪ್ರತಿಯೊಂದಕ್ಕೂ ಮೂರು ವಿಷಯ ಸರಿಯಿರಬೇಕು: ನಾವು ಕೇಳುವ ಫ್ರೀಕ್ವೆನ್ಸಿ, ಆಫ್‌ಸೆಟ್ (ಕೇಳುವ ಮತ್ತು ಮಾತಾಡುವ ಫ್ರೀಕ್ವೆನ್ಸಿಗಳ ಅಂತರ), ಟೋನ್ (ರಿಪೀಟರ್ ತೆರೆಯಲು ಮಾತಿನ ಜೊತೆ ಕಳಿಸುವ ಸಣ್ಣ ಸ್ವರ). 145.650 ಮೆಗಾಹರ್ಟ್ಜ್‌ನಲ್ಲಿ ಕೇಳಿಸುವ ರಿಪೀಟರಿಗೆ ಮೈನಸ್ 600 ಕಿಲೋಹರ್ಟ್ಜ್ ಆಫ್‌ಸೆಟ್ ಇದ್ದರೆ, ನಮ್ಮ ಸೆಟ್ಟು 145.050ರಲ್ಲಿ ಮಾತಾಡಬೇಕು. ಎರಡು ಮೀಟರ್‌ನಲ್ಲಿ ಈ 600 ಬಹಳ ಕಡೆ ಒಂದೇ. 70 ಸೆಂಟಿಮೀಟರ್ ಬ್ಯಾಂಡಿನಲ್ಲಿ ದೇಶದಿಂದ ದೇಶಕ್ಕೆ ಬೇರೆ ಬೇರೆ. ಅದನ್ನು ಊಹೆ ಮಾಡಿ ಹಾಕಬೇಡಿ. ಕಾಲಿಂಗ್ ಫ್ರೀಕ್ವೆನ್ಸಿಯೂ (ಯಾರಾದರೂ ಇದ್ದಾರಾ ಅಂತ ಮೊದಲು ಕೂಗುವ ಜಾಗ) ಹಾಗೇ. ಬಹಳ ಕಡೆ 145.500, ಅಮೆರಿಕದಲ್ಲಿ 146.520. ನೀವು ಹೋಗುವ ಕಡೆಯ ಬ್ಯಾಂಡ್ ಪ್ಲಾನ್ (ಯಾವ ಫ್ರೀಕ್ವೆನ್ಸಿ ಯಾವುದಕ್ಕೆ ಅನ್ನುವ ಹಂಚಿಕೆ) ಏನು, ನಿಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದಾ, ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಜೊತೆ ಏನಾದರೂ ಸೇರಿಸಿ ಹೇಳಬೇಕಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ.

ಪಟ್ಟಿಗಳನ್ನು ಪೂರ್ತಿ ನಂಬಲಿಲ್ಲ. ಆಯಾ ಕಡೆಯ ಹ್ಯಾಮ್‌ಗಳಿಗೆ ಬರೆದು ಕೇಳಿದೆ. ಐದು ರಿಪೀಟರ್ ಬಂದ್ ಆಗಿದ್ದವು, ಎರಡರ ಟೋನ್ ಬದಲಾಗಿತ್ತು. ಈ ಹವ್ಯಾಸದಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ. ಮುಖ ನೋಡದವರೂ ಕೂತು ಉದ್ದಕ್ಕೆ ಉತ್ತರ ಬರೆದರು.

ಆಮೇಲೆ ಚರ್ಪ್ ತೆರೆದೆ. ಕಂಪ್ಯೂಟರಿನಿಂದ ರೇಡಿಯೋಗೆ ಚಾನೆಲ್ ತುಂಬುವ ಉಚಿತ ತಂತ್ರಾಂಶ, ಬಹಳಷ್ಟು ಕಂಪನಿಗಳ ಸೆಟ್ಟುಗಳಿಗೆ ಹೊಂದುತ್ತದೆ. ಇಲ್ಲಿ ಒಂದು ನಿಯಮ ಎಂದೂ ತಪ್ಪಿಸಬಾರದು. ಮೊದಲು ರೇಡಿಯೋದಲ್ಲಿ ಈಗಿರುವುದನ್ನು ಓದಿ, ಒಂದಕ್ಷರ ಮುಟ್ಟದೆ ಬೇರೆ ಹೆಸರಲ್ಲಿ ಸೇವ್ ಮಾಡಿ. ಏನೇ ಎಡವಟ್ಟಾದರೂ ಆ ಫೈಲ್ ಕೈ ಹಿಡಿಯುತ್ತದೆ. ಓದಲು ಆಗದೆ ತಪ್ಪು ತೋರಿಸಿದರೆ ಕೇಬಲ್ ಪಿನ್ ನೋಡಿ. ನನ್ನದು ಒಳಗೆ ಹೋದಂತೆ ಕಂಡರೂ ಇನ್ನೂ ಎರಡು ಮಿಲಿಮೀಟರ್ ಉಳಿದಿತ್ತು. ಗಟ್ಟಿಯಾಗಿ ಒತ್ತಿದೆ, ಟಕ್ ಅಂತು, ಕೆಲಸ ಸರಿಯಾಯಿತು.

ನನ್ನ ಸೆಟ್ಟಿನಲ್ಲಿ 128 ಜಾಗ. 1ರಿಂದ 5 ಸಿಂಪ್ಲೆಕ್ಸ್ (ರಿಪೀಟರ್ ಇಲ್ಲದೆ ನೇರ): ಎರಡು ಕಾರಿನ ನಡುವೆ ಮಾತಾಡಲು ಮೂರು, ಕಾಲಿಂಗ್ ಒಂದು, ಬಾಹ್ಯಾಕಾಶ ನಿಲ್ದಾಣದ ಧ್ವನಿ ಕೇಳಲು 145.800 ಒಂದು. ಕೊನೆಯದಕ್ಕೆ ಡ್ಯೂಪ್ಲೆಕ್ಸ್ ಅಂಕಣದಲ್ಲಿ 'ಆಫ್' ಹಾಕಿದೆ. ಹಾಗೆ ಮಾಡಿದರೆ ಅಲ್ಲಿ ಯಾರೂ ಅಪ್ಪಿತಪ್ಪಿಯೂ ಪಿಟಿಟಿ (ಮಾತಾಡುವಾಗ ಒತ್ತಿ ಹಿಡಿಯುವ ಬಟನ್) ಒತ್ತಿ ಮಾತಾಡಲು ಆಗುವುದಿಲ್ಲ. ಮೊದಲ ದಿನದ ರಸ್ತೆ 10ರಿಂದ, ಎರಡನೆಯದು 30ರಿಂದ, ಮೂರನೆಯದು 50ರಿಂದ, ನಾಲ್ಕನೆಯದು 70ರಿಂದ. ನಡುವಿನ ಖಾಲಿ ಜಾಗ ಬೇಕಂತಲೇ ಬಿಟ್ಟದ್ದು. ದಾರಿಯಲ್ಲಿ ಯಾರಾದರೂ ಹೊಸ ರಿಪೀಟರ್ ಹೇಳಿದರೆ ಅಲ್ಲೇ ಸೇರಿಸಬಹುದು ಅಲ್ವಾ. ಹೆಸರಿಗೆ ಏಳೇ ಅಕ್ಷರ. ಹಾಗಾಗಿ ರಿಪೀಟರಿನ ಕಾಲ್‌ಸೈನ್ ಬಿಟ್ಟು ಊರಿನ ಹೆಸರು ಮೊಟಕು ಮಾಡಿ ಹಾಕಿದೆ. ರಸ್ತೆ ಬದಿಯ ಫಲಕದಲ್ಲಿ ಕಾಣುವುದು ಊರಿನ ಹೆಸರು ತಾನೇ.

145.6125ರಂಥ ಫ್ರೀಕ್ವೆನ್ಸಿ ಇದ್ದರೆ ಸ್ಟೆಪ್ (ಒಂದು ಫ್ರೀಕ್ವೆನ್ಸಿಯಿಂದ ಮುಂದಿನದಕ್ಕೆ ಇರುವ ಅಂತರ) 12.5 ಕಿಲೋಹರ್ಟ್ಜ್ ಇಡಬೇಕು. ಸ್ಟೆಪ್ 5 ಇದ್ದರೆ ಆ ಅಂಕಿ ಅದಕ್ಕೆ ಹೊಂದುವುದಿಲ್ಲ. ವಾಕ್ಸ್ (ಸದ್ದು ಕೇಳಿದರೆ ತಾನೇ ಪ್ರಸಾರ ಶುರು ಮಾಡುವ ಸೌಲಭ್ಯ) ಪೂರ್ತಿ ಆಫ್ ಮಾಡಿ. ಇಲ್ಲದಿದ್ದರೆ ಎಂಜಿನ್ ಸದ್ದಿಗೇ ಸೆಟ್ಟು ಪ್ರಸಾರ ಶುರು ಮಾಡುತ್ತದೆ. ಟೈಮ್‌ಔಟ್, ಅಂದರೆ ಒಂದೇ ಸಮನೆ ಪ್ರಸಾರ ಆಗುವ ಮಿತಿ, ಎರಡು ನಿಮಿಷಕ್ಕೆ ಇಟ್ಟೆ. ಸೀಟಿನ ಸಂದಿಯಲ್ಲಿ ಬಟನ್ ಒತ್ತಿ ಹೋದರೂ ಇಡೀ ರಿಪೀಟರ್ ಹಿಡಿದಿಟ್ಟಂತೆ ಆಗಬಾರದು.

ಸ್ಕ್ಯಾನ್ ವಿಷಯದಲ್ಲಿ ಆಸೆ ಬೇಡ. ನನ್ನ ಸೆಟ್ಟು ಸೆಕೆಂಡಿಗೆ ಮೂರು ಚಾನೆಲ್ ನೋಡುತ್ತದೆ. 34 ನೋಡಿ ಬರಲು 11 ಸೆಕೆಂಡು. ಒಬ್ಬರು ಕಾಲ್‌ಸೈನ್ ಹೇಳಿ ಮುಗಿಸಲು ಐದೇ ಸೆಕೆಂಡು ಸಾಕು. ಅದಕ್ಕೆ ಆಯಾ ದಿನದ ಐದಾರು ಚಾನೆಲ್ ಬಿಟ್ಟು ಉಳಿದದ್ದಕ್ಕೆಲ್ಲ ಸ್ಕಿಪ್ ಹಾಕಿದೆ. ದಿನಕ್ಕೊಂದು ಫೈಲ್ ಮೊದಲೇ ಮಾಡಿಟ್ಟು, ರಾತ್ರಿ ತಂಗಿದಲ್ಲಿ ಲ್ಯಾಪ್‌ಟಾಪಿನಿಂದ ಮರುದಿನದ್ದು ತುಂಬುತ್ತಿದ್ದೆ.

ಇಷ್ಟೆಲ್ಲ ಮಾಡಿಯೂ ಒಂದು ತಪ್ಪು ಉಳಿದಿತ್ತು. ಎರಡನೇ ದಿನ ಮಧ್ಯಾಹ್ನ, ಘಟ್ಟ ಹತ್ತುವಾಗ, 34ನೇ ಚಾನೆಲ್‌ನಲ್ಲಿ ಮೂರು ಸಲ ಕೂಗಿದೆ. ಉತ್ತರವಿಲ್ಲ. ಸುಮ್ನೆ ಬಿಡೋಣ ಅಂದುಕೊಂಡೆ. ಆದರೆ ನಾನು ಪಿಟಿಟಿ ಬಿಟ್ಟ ಮೇಲೆ ಹಸಿರು ದೀಪ ಹತ್ತಿಯೇ ಇತ್ತು. ಆರಿತು, ಮತ್ತೆ ಹತ್ತಿತು. ಸಿಗ್ನಲ್ ಬರುತ್ತಿದೆ, ಸದ್ದು ಮಾತ್ರ ಇಲ್ಲ. ಪಕ್ಕದ ಮಾನಿಟರ್ ಬಟನ್ (ಮುಚ್ಚಿದ ಸ್ಪೀಕರನ್ನು ತೆರೆದು ಕೇಳಿಸುವುದು) ಒತ್ತಿ ಹಿಡಿದೆ. ಸ್ಪೀಕರಿನಲ್ಲಿ ಸ್ಪಷ್ಟವಾಗಿ ಒಬ್ಬರ ದನಿ: "...ನಿಮ್ಮದು ಚೆನ್ನಾಗಿ ಕೇಳಿಸ್ತಿದೆ, ನಂದು ಕೇಳಿಸ್ತಿದೆಯಾ?" ಬೇಗ ಉತ್ತರ ಕೊಡಲು ಹೋದೆ. ಅಷ್ಟರಲ್ಲಿ ತಿರುವು ಬಂತು, ಬೆಟ್ಟ ಮರೆಯಾಯಿತು.

ಕಾರಣ ಸಂಜೆ ಗೊತ್ತಾಯಿತು. ಚರ್ಪ್‌ನ ಟೋನ್ ಮೋಡ್ ಅಂಕಣದಲ್ಲಿ 'ಟೋನ್' ಬೇರೆ, 'ಟಿಎಸ್‌ಕ್ಯೂಎಲ್' ಬೇರೆ. ಮೊದಲನೆಯದರಲ್ಲಿ ನಾವು ಟೋನ್ ಕಳಿಸುತ್ತೇವೆ, ಅಷ್ಟೇ. ಎರಡನೆಯದರಲ್ಲಿ ಅದೇ ಟೋನ್ ವಾಪಸ್ ಬಂದರೆ ಮಾತ್ರ ನಮ್ಮ ಸ್ಪೀಕರ್ ತೆರೆಯುತ್ತದೆ. ಆ ರಿಪೀಟರ್ 88.5 ಹರ್ಟ್ಜ್ ಟೋನ್ ಕೇಳುತ್ತದೆ, ಆದರೆ ತಾನು ಟೋನ್ ಕಳಿಸುವುದಿಲ್ಲ. ನಾನು ಮೇಲಿನ ಸಾಲಿನಿಂದ ಕಾಪಿ ಮಾಡುವಾಗ ಟಿಎಸ್‌ಕ್ಯೂಎಲ್ ಕೆಳಗಿನ ಏಳು ಸಾಲಿಗೂ ಇಳಿದಿತ್ತು. ಗೊತ್ತಿಲ್ಲದ ರಿಪೀಟರಿಗೆ ಬರೀ 'ಟೋನ್' ಹಾಕಿ. ಸ್ವಲ್ಪ ಗಲಾಟೆ ಜಾಸ್ತಿ ಕೇಳಿಸಬಹುದು, ಆದರೆ ಉತ್ತರ ಕೊಟ್ಟವರ ದನಿ ತಪ್ಪುವುದಿಲ್ಲ. ದೀಪ ಹತ್ತಿ ಸದ್ದಿಲ್ಲದಿದ್ದರೆ ತಕ್ಷಣ ಮಾನಿಟರ್ ಒತ್ತಿ ನೋಡಿ.

ಆಂಟೆನಾ ಬಗ್ಗೆ ಒಂದೇ ಮಾತು. ಕಾರಿನ ತಗಡಿನ ಒಳಗೆ ಕೂತ ಪುಟ್ಟ ರಬ್ಬರ್ ಆಂಟೆನಾದ ಶಕ್ತಿ ಅರ್ಧಕ್ಕರ್ಧ ಒಳಗೇ ಕಳೆದುಹೋಗಬಹುದು. ಚಾವಣಿಯ ಮೇಲೆ ಅಯಸ್ಕಾಂತದಿಂದ ಕೂರುವ, ಸುಮಾರು 49 ಸೆಂಟಿಮೀಟರ್ ಉದ್ದದ ಕಾಲು ಅಲೆಯ ಆಂಟೆನಾ ಇಟ್ಟುಕೊಂಡರೆ ಅದೇ 5 ವಾಟ್ ಎಷ್ಟೋ ದೂರ ಹೋಗುತ್ತದೆ. ಮತ್ತೆ, ಗಾಡಿ ಓಡಿಸುವವರು ಸೆಟ್ಟು ಮುಟ್ಟುವುದು ಬೇಡ. ಪಕ್ಕದಲ್ಲಿ ಕೂತವರು ನೋಡಿಕೊಳ್ಳಲಿ.

ವಾಪಸ್ ಬರುವಾಗ ಕೆಳಗಿನ ಬಟನ್ ಒತ್ತುತ್ತಾ ಬಂದೆ. 36, 35, 34. ಘಟ್ಟದ ಅದೇ ತಿರುವಿಗೆ ಸ್ವಲ್ಪ ಮೊದಲೇ ಕಾರು ಬದಿಗೆ ನಿಲ್ಲಿಸಿ ಕಾಲ್‌ಸೈನ್ ಹೇಳಿದೆ. ಹಸಿರು ದೀಪ ಹತ್ತಿತು. ಈ ಸಲ ದನಿಯೂ ಬಂತು. "ಮೊನ್ನೆ ಕೂಗಿದ್ದು ನೀವೇ ಅಲ್ವಾ? ಆಮೇಲೆ ಏನಾದ್ರಿ?" ಇಪ್ಪತ್ತು ನಿಮಿಷ ಅಲ್ಲೇ ನಿಂತು ಮಾತಾಡಿದೆವು.