ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕುವಾಗ

ನಾನು ಧಾರವಾಡದಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಗದಗ-ಬೆಟಗೇರಿಯ ನೇಕಾರರ ಅಧ್ಯಯನಕ್ಕೆ ದುಡ್ಡು ಬೇಕಿತ್ತು. ವಿಜ್ಞಾನದವರು ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್ ನೋಡಿ, ಮೊದಲು ಆ ಕೆಲಸ ಮಾಡುತ್ತಿದ್ದ ಎಸ್‌ಇಆರ್‌ಬಿ ಈಗ ಅದರೊಳಗೇ ಸೇರಿದೆ. ನಮ್ಮಂಥವರಿಗೆ 1969ರಲ್ಲಿ ಶುರುವಾದ ಐಸಿಎಸ್‌ಎಸ್‌ಆರ್, ಅಂದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ. ಅರ್ಜಿ ಕರೆದ ಪ್ರಕಟಣೆ ಬಂದ ದಿನವೇ ಅರ್ಹತೆಯ ಪುಟ ಓದಿ.

ಜಾಸ್ತಿ ಜನ ಎಡವೋದು ಬಜೆಟ್ಟಿನಲ್ಲಿ. ‘ಪ್ರಯಾಣ: 50,000’ ಅಂತ ಸುಮ್ನೆ ಬರೆಯಬೇಡಿ. ಗದಗಕ್ಕೆ ಎಷ್ಟು ಸಲ, ಬಸ್ ಚಾರ್ಜ್ ಎಷ್ಟು, ಎಷ್ಟು ಮಗ್ಗದ ಮನೆ, ಸಹಾಯಕರಿಗೆ ಎಷ್ಟು ತಿಂಗಳ ಸಂಬಳ, ಎಲ್ಲ ಬಿಡಿಸಿ ತೋರಿಸಿ. ಮಗ್ಗ ನಿಂತ ಮೇಲೆ, ಸಂಜೆ ಸಂದರ್ಶನ ಅಂತಲೂ ಬರೆದೆ. ಆ ಖಟಖಟದಲ್ಲಿ ರೆಕಾರ್ಡಿಂಗ್ ಆಗುತ್ತಾ ಹೇಳಿ!

ನೀವು ಕೆಲಸ ಮಾಡುವ ಸಂಸ್ಥೆಯ ಒಪ್ಪಿಗೆ ಪತ್ರಕ್ಕೆ ಮೊದಲೇ ಓಡಾಡಿ. ಒಮ್ಮೆ ಸಹಿ ಮಾಡುವ ಸಾಹೇಬರು ರಜೆ ಹಾಕಿದ್ದರು. ನನ್ನ ಅರ್ಜಿ ಮೇಜಿನ ಮೇಲೇ ಇತ್ತು, ಕೊನೆಯ ದಿನ ದಾಟಿತ್ತು.